ಕಾರ್ಖಾನೆಯ ಕುರ್ಚಿಗೆ ಬಂದ ಎಂಜಿನಿಯರ್



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವ ಮನೆಯ ಜಗಲಿಯಲ್ಲಿ ಕೂತರೂ ಸ್ವಲ್ಪ ಹೊತ್ತಿಗೆ ಮಾತು ಬೆಂಗಳೂರಿಗೆ ಹೊರಳುತ್ತದೆ. ಮಗ, ಇಲ್ಲವೇ ಮಗಳು, ಇಲ್ಲವೇ ತಮ್ಮನ ಮಗ, ಯಾರಾದರೊಬ್ಬರು ಅಲ್ಲಿನ ಕಂಪನಿಯಲ್ಲಿ ಎಂಜಿನಿಯರ್ ಆಗಿರುತ್ತಾರೆ. ಮೊದಲ ಕೆಲವು ವರ್ಷ ಅವರು ಮಾಡುವ ಕೆಲಸ ಏನೆಂದು ಮನೆಯವರಿಗೆ ಅಷ್ಟಿಷ್ಟು ತಿಳಿಯುತ್ತದೆ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ತಿಳಿಯದಂತಾಗುತ್ತದೆ. ದೀಪಾವಳಿಗೆ ಬಂದ ಮಗ ಹೇಳುತ್ತಾನೆ: "ಅಪ್ಪಯ್ಯ, ನಾನೀಗ ಪ್ರೋಗ್ರಾಂ ಬರೆಯಲ್ಲ, ಬರೆಯೋರನ್ನ ನೋಡ್ಕಳ್ತೀನಿ." ಅಪ್ಪಯ್ಯ ಕೇಳುತ್ತಾರೆ: "ಹಂಗಾರೆ ನೀನು ಕಲಿತಿದ್ದು ಏನಾಯ್ತು?"

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಬಂದಿದೆ. ಕೆಲಸ ಬಲ್ಲವನು ಕೆಲಸ ಮಾಡಿಸುವವನಾದಾಗ ಅವನ ವಿದ್ಯೆಗೆ ಏನಾಗುತ್ತದೆ? ಎಂಜಿನಿಯರ್ ಒಬ್ಬ ಕಂಪನಿಯ ಮುಖ್ಯಸ್ಥನಾದರೆ ಎಂಜಿನಿಯರಿಂಗ್ ಅವನ ಬೆನ್ನ ಹಿಂದೆ ಉಳಿದುಬಿಡುತ್ತದೆಯೇ? ಉತ್ತರಕ್ಕೆ ಕ್ಯಾಲಿಫೋರ್ನಿಯಾದವರೆಗೆ ಹೋಗಬೇಕಿಲ್ಲ. ಬಾಳೆಹೊನ್ನೂರಿನಲ್ಲಿ ನಾವು ನೋಡುವ ಭದ್ರೆಯ ನೀರು ಕೆಳಗೆ ಹರಿದು ಭದ್ರಾವತಿ ಸೇರುತ್ತದೆ. ನೂರು ವರ್ಷಗಳ ಹಿಂದೆ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಒಬ್ಬ ಎಂಜಿನಿಯರ್ ಕುಳಿತಿದ್ದರು. ಅವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1923ರಿಂದ 1929ರವರೆಗೆ ಅವರು ಅಲ್ಲಿದ್ದರು.

ವಿಶ್ವೇಶ್ವರಯ್ಯ ಎಂದೊಡನೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ, ದಿವಾನಗಿರಿ ನೆನಪಾಗುತ್ತದೆ. ಅವರ ಶಿಸ್ತಿನ ಕತೆಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಭದ್ರಾವತಿಯ ಆರು ವರ್ಷಗಳ ಮಾತು ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ ಅವರ ಬದುಕಿನ ಅತ್ಯಂತ ಕಠಿಣ ಕೆಲಸ ಅದೇ. ಅಣೆಕಟ್ಟು ಕಟ್ಟುವಾಗ ಅವರ ಜೊತೆಗೆ ರಾಜ್ಯದ ಬೊಕ್ಕಸವಿತ್ತು, ಜನರ ನಿರೀಕ್ಷೆಯಿತ್ತು. ಭದ್ರಾವತಿಯಲ್ಲಿ ಅವರಿಗೆ ಸಿಕ್ಕಿದ್ದು ನಷ್ಟದಲ್ಲಿ ಹುಟ್ಟಿದ ಕಾರ್ಖಾನೆ, ಬಿದ್ದುಹೋಗಿದ್ದ ಮಾರುಕಟ್ಟೆ, ಸುತ್ತಲೂ ಸಂಶಯ.

ಅದಕ್ಕೆ ಮೊದಲು ಅವರು ನಡೆದು ಬಂದ ದಾರಿಯನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಸಿಂಧ್ ಪ್ರಾಂತ್ಯದ ಸಕ್ಕರ್‌ಗೆ ಕುಡಿಯುವ ನೀರು, ನೀರಾ ಕಾಲುವೆಯಲ್ಲಿ ಸರದಿಯ ನೀರಾವರಿ, ಖಡಕ್ವಾಸ್ಲಾ ಜಲಾಶಯಕ್ಕೆ ನೀರಿನ ಒತ್ತಡಕ್ಕೆ ತಾವೇ ತೆರೆದುಕೊಳ್ಳುವ ಬಾಗಿಲುಗಳು, ಎಲ್ಲವೂ ಅವರ ಕೈಯಲ್ಲಿ ಆದವು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದು ಅವರನ್ನು ಕರೆಸಿಕೊಂಡಿತು. 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು.

ಈ ನಡುವೆ 1898ರಲ್ಲಿ ಅವರು ರಜೆ ಹಾಕಿ ಜಪಾನಿಗೆ ಹೋಗಿದ್ದನ್ನು ಮಾತ್ರ ನಿಂತು ನೋಡಬೇಕು. ಆಗ ಅವರು ಸರ್ಕಾರಿ ಎಂಜಿನಿಯರ್. ಅವರಿಗೆ ಗೊತ್ತಿದ್ದದ್ದು ನೀರು, ಕಲ್ಲು, ಗಾರೆ. ಅಲ್ಲಿ ಅವರು ಕಂಡದ್ದು ಒಂದು ತಲೆಮಾರಿನೊಳಗೆ ಶಾಲೆ, ಬ್ಯಾಂಕು, ಕಾರ್ಖಾನೆಗಳಿಂದ ಎದ್ದು ನಿಂತಿದ್ದ ದೇಶ. ನೀರು ಕೊಟ್ಟರೆ ರೈತ ಬದುಕುತ್ತಾನೆ, ಆದರೆ ರೈತನ ಎರಡನೆಯ ಮಗ, ಮೂರನೆಯ ಮಗ ಏನು ಮಾಡಬೇಕು ಎಂಬ ಯೋಚನೆ ಅವರನ್ನು ಆಮೇಲೆ ಬಿಟ್ಟಂತೆ ಕಾಣುವುದಿಲ್ಲ. ಮೈಸೂರಿನಲ್ಲಿ ಅವರು ಮಾಡಿದ್ದರ ಸಾಲು ನೋಡಿ: 1911ರಲ್ಲಿ ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಬಂಡವಾಳ, ವಿದ್ಯೆ, ಕುಶಲ ಕೈಗಳು, ಇವು ಮೂರೂ ಇಲ್ಲದೆ ಕಾರ್ಖಾನೆ ನಿಲ್ಲುವುದಿಲ್ಲ ಎಂದು ಬಲ್ಲವರು ಹಾಕಿದ ಸಾಲು ಅದು.

ಕಬ್ಬಿಣದ ಮಾತು ಹುಟ್ಟಿದ್ದೂ ಅದೇ ಕಾಲದಲ್ಲಿ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು. ಭಂಡಿಗುಡ್ಡದಲ್ಲಿ ಸುಣ್ಣದ ಕಲ್ಲಿತ್ತು. ಭದ್ರೆಯಲ್ಲಿ ನೀರಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುದಾರಿ ಹತ್ತಿರದಲ್ಲೇ ಇತ್ತು. ಇಲ್ಲದಿದ್ದದ್ದು ಕಲ್ಲಿದ್ದಲು. ಮೈಸೂರು ಸೀಮೆಯಲ್ಲಿ ಎಲ್ಲಿ ಅಗೆದರೂ ಅದು ಸಿಗುವಂತಿರಲಿಲ್ಲ. ಬಂಗಾಳ ಬಿಹಾರಗಳಿಂದ ತರಿಸಿದರೆ ರೈಲು ಬಾಡಿಗೆಯೇ ಲಾಭವನ್ನು ನುಂಗುತ್ತಿತ್ತು. ಮಲೆನಾಡಿನಲ್ಲಿ ಕಾಡಿತ್ತು. ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರು ಕರಗಿಸೋಣ ಎಂದು ಯೋಜನೆ ಸಿದ್ಧವಾಯಿತು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಸಿ. ಪಿ. ಪೆರಿನ್ ಅವರನ್ನೇ ಇಲ್ಲಿಗೂ ಕರೆಸಿದರು. ಬೆಂಕಿಪುರ ಎಂದು ಕರೆಯುತ್ತಿದ್ದ ಭದ್ರಾ ದಂಡೆಯ ಸಣ್ಣ ಊರನ್ನು ಆರಿಸಿಕೊಂಡರು. ಅದೇ ಈಗಿನ ಭದ್ರಾವತಿ.

ಯೋಜನೆಗೆ ಮಂಜೂರಾತಿ ಸಿಕ್ಕಿದ 1918ರಲ್ಲೇ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅದೇ ವರ್ಷ ಮೊದಲ ಮಹಾಯುದ್ಧವೂ ಮುಗಿಯಿತು. ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಚಿನ್ನದ ಬೆಲೆ ಇತ್ತು. ಯಂತ್ರಗಳನ್ನು ಆ ದುಬಾರಿ ಕಾಲದ ಬೆಲೆಗೆ ತರಿಸಿದ್ದಾಯಿತು, ಖರ್ಚು ಅಂದಾಜು ಮೀರಿ ಬೆಳೆಯಿತು. 1923ರ ಜನವರಿ 18ರಂದು ಊದುಕುಲುಮೆಯಿಂದ ಕಬ್ಬಿಣ ಹರಿದು ಬರುವ ಹೊತ್ತಿಗೆ ಬೀಡು ಕಬ್ಬಿಣದ ಬೆಲೆ ನೆಲ ಕಚ್ಚಿತ್ತು. ದುಡ್ಡೆಲ್ಲ ಕಾಡಿನಲ್ಲಿ ಸುಟ್ಟಿತು ಎಂದು ಟೀಕೆ ಮಾಡುವವರಿಗೆ ಬರವಿರಲಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಹಳೆಯ ದಿವಾನರನ್ನೇ ಕರೆದು, ಕಾರ್ಖಾನೆಯನ್ನು ನೀವೇ ವಹಿಸಿಕೊಳ್ಳಿ ಎಂದಿತು. ಅವರಿಗೆ ಅರವತ್ತು ದಾಟಿತ್ತು. ಒಂದು ರಾಜ್ಯವನ್ನೇ ಆಳಿದ ವ್ಯಕ್ತಿ ಅದೇ ರಾಜ್ಯದ ಒಂದು ಕಾರ್ಖಾನೆಯ ಅಧ್ಯಕ್ಷರಾಗಿ ಬರಬೇಕು. ಸೋತರೆ ಹಿಂದಿನ ಕೀರ್ತಿಗೂ ಕಳಂಕ. ಅವರು ಬಂದರು. ನನಗೆ ಅವರ ಮೇಲೆ ಇರುವ ಗೌರವದ ದೊಡ್ಡ ಪಾಲು ಈ ಒಂದು ಒಪ್ಪಿಗೆಗೆ ಸಲ್ಲುತ್ತದೆ. ತಾನು ಹಾಕಿಸಿದ ಯೋಜನೆ ಕಷ್ಟಕ್ಕೆ ಸಿಕ್ಕಿದಾಗ ದೂರ ನಿಂತು ಅಭಿಪ್ರಾಯ ಹೇಳುವುದು ಸುಲಭವಾಗಿತ್ತು.

ಇನ್ನು ಕಾರ್ಖಾನೆಯ ಒಳಗೆ ಹೋಗೋಣ.

ನಮ್ಮ ಕಡೆ ಇದ್ದಿಲು ಸುಡುವುದನ್ನು ಹಿರಿಯರು ನೋಡಿರುತ್ತೀರಿ. ಮರದ ತುಂಡುಗಳನ್ನು ಒಟ್ಟಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ, ಗಾಳಿ ಹೆಚ್ಚು ಆಡದಂತೆ ಒಳಗೊಳಗೇ ಬೇಯಿಸುತ್ತಾರೆ. ದಿನಗಟ್ಟಲೆ ಹೊಗೆ ಏಳುತ್ತದೆ. ಆ ಹೊಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭದ್ರಾವತಿಯಲ್ಲಿ ಹಿಡಿದರು. ಅಲ್ಲಿ ಮರದ ತುಂಡುಗಳನ್ನು ತಳ್ಳುಬಂಡಿಗೆ ತುಂಬಿ, ಕಬ್ಬಿಣದ ದೊಡ್ಡ ಮುಚ್ಚಿದ ಒಲೆಗಳೊಳಗೆ ನೂಕಿ, ಬಾಗಿಲು ಬಿಗಿದು, ಹೊರಗಿನಿಂದ ಕಾಯಿಸುತ್ತಿದ್ದರು. ಒಳಗೆ ಗಾಳಿ ಇಲ್ಲದ್ದರಿಂದ ಮರ ಉರಿಯುವುದಿಲ್ಲ, ಬೇಯುತ್ತದೆ. ಅದರಿಂದ ಎದ್ದ ಆವಿಯನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸಿದರೆ ಕಟುವಾಸನೆಯ ದ್ರವ ಸಿಗುತ್ತದೆ. ಅದರಿಂದ ಮರದ ಆಲ್ಕೋಹಾಲು ಅಂದರೆ ಮೆಥನಾಲ್, ಸುಣ್ಣ ಸೇರಿಸಿದಾಗ ಕ್ಯಾಲ್ಸಿಯಂ ಅಸಿಟೇಟ್, ಉಳಿದದ್ದರಲ್ಲಿ ಟಾರು. ಒಲೆಯ ಒಳಗೆ ನಿಂತದ್ದು ಇದ್ದಿಲು. ಅದನ್ನು ಬಿಸಿಯಲ್ಲೇ ಹೊರಗೆಳೆದರೆ ಗಾಳಿ ತಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮುಚ್ಚಿದ ಇನ್ನೊಂದು ಕೋಣೆಗೆ ನೂಕಿ ಆರಿಸಬೇಕು.

ಆ ಇದ್ದಿಲು, ಅದಿರು, ಸುಣ್ಣದ ಕಲ್ಲು ಮೂರನ್ನೂ ಊದುಕುಲುಮೆಯ ಬಾಯಿಗೆ ಪದರ ಪದರವಾಗಿ ಹಾಕಿ, ಕೆಳಗಿನಿಂದ ಬಿಸಿಗಾಳಿ ಊದಿದಾಗ ಕಬ್ಬಿಣ ಕರಗಿ ಇಳಿಯುತ್ತದೆ. ಇದ್ದಿಲಿನಲ್ಲಿ ಗಂಧಕ ತೀರಾ ಕಡಿಮೆ. ಆದ್ದರಿಂದ ಭದ್ರಾವತಿಯ ಬೀಡು ಕಬ್ಬಿಣ ಗುಣದಲ್ಲಿ ಮೇಲಾಗಿತ್ತು. ಆದರೆ ಮಾರುಕಟ್ಟೆ ಗುಣಕ್ಕೆ ಎಷ್ಟು ಹೆಚ್ಚು ಕೊಡುತ್ತದೆ? ಎಂಜಿನಿಯರ್ ಕಾರ್ಖಾನೆಯ ಮುಖ್ಯಸ್ಥನಾದಾಗ ಎದುರಾಗುವ ಮೊದಲ ಪ್ರಶ್ನೆ ಇದು. ಒಳ್ಳೆಯ ವಸ್ತು ತಯಾರಿಸಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಎಷ್ಟಕ್ಕೆ ತಯಾರಿಸಿದೆ, ಯಾರಿಗೆ, ಯಾವ ರೂಪದಲ್ಲಿ ಮಾರುತ್ತೀಯ ಎಂಬುದು ಉಳಿದರ್ಧ.

ವಿಶ್ವೇಶ್ವರಯ್ಯನವರು ಈ ಎರಡನೆಯ ಅರ್ಧಕ್ಕೆ ಕೈ ಹಾಕಿದರು. ಬೀಡು ಕಬ್ಬಿಣವನ್ನು ಗಟ್ಟಿಯಾಗಿಯೇ ಮಾರಿದರೆ ಬರುವುದು ಕಡಿಮೆ, ಅದನ್ನೇ ಕೊಳವೆಯಾಗಿ ಎರಕ ಹೊಯ್ದರೆ ಬೆಲೆ ಏರುತ್ತದೆ. ಊರೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಬರುತ್ತಿದ್ದ ಕಾಲ ಅದು, ಕೊಳವೆಗೆ ಬೇಡಿಕೆ ಇತ್ತು. ಸಕ್ಕರ್‌ನಲ್ಲಿ ನೀರಿನ ಕೊಳವೆ ಹಾಕಿಸಿದ್ದ ಮನುಷ್ಯನಿಗೆ ಕೊಳವೆಯ ಅಗತ್ಯ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಕಾಲದಲ್ಲೇ ಭದ್ರಾವತಿಯಲ್ಲಿ ಕೊಳವೆಯ ಎರಕಶಾಲೆ ಎದ್ದಿತು. ಮುಂದಿನ ದಶಕಗಳಲ್ಲಿ ಸೇರಿದ ಉಕ್ಕು, ಸಿಮೆಂಟುಗಳು ಹಿಡಿದದ್ದೂ ಇದೇ ದಾರಿ. ಉಕ್ಕಿನ ಘಟಕ ಬಂದದ್ದು 1936ರಲ್ಲಿ.

ಅಪ್ಪಯ್ಯನ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಕಾಣುತ್ತದೆ. ಕಲಿತದ್ದು ಎಲ್ಲಿಯೂ ಹೋಗಲಿಲ್ಲ. ಕೊಳವೆ ಹೇಗೆ ಒಡೆಯುತ್ತದೆ, ಕೀಲು ಹೇಗೆ ಸೋರುತ್ತದೆ ಎಂದು ಕೈಯಾರೆ ಬಲ್ಲವನಿಗೆ ಯಾವ ಕೊಳವೆ ಮಾರಾಟವಾಗುತ್ತದೆ ಎಂಬುದೂ ಗೊತ್ತು. ಲೆಕ್ಕಪತ್ರ ಮಾತ್ರ ಬಲ್ಲವರು ಅದೇ ಕುರ್ಚಿಯಲ್ಲಿ ಇದ್ದಿದ್ದರೆ ನಷ್ಟ ಎಷ್ಟೆಂದು ನಿಖರವಾಗಿ ಹೇಳಿ, ಕುಲುಮೆ ಆರಿಸಲು ಸಲಹೆ ಕೊಡುತ್ತಿದ್ದರೇನೋ. ಕುಲುಮೆ ಮಾತ್ರ ಬಲ್ಲವರು ಇದ್ದಿದ್ದರೆ ಇನ್ನಷ್ಟು ಬೀಡು ಕಬ್ಬಿಣ ಇಳಿಸಿ ಗೋದಾಮು ತುಂಬಿಸುತ್ತಿದ್ದರೇನೋ. ಎರಡೂ ಒಬ್ಬರ ತಲೆಯಲ್ಲಿ ಇದ್ದದ್ದು ಭದ್ರಾವತಿಯ ಭಾಗ್ಯ.

ಜನರ ವಿಷಯದಲ್ಲೂ ಅವರದ್ದು ಗಟ್ಟಿ ನಿಲುವು. ಕಾರ್ಖಾನೆ ಶುರುವಾದಾಗ ಹೊರದೇಶದ ತಜ್ಞರೇ ಮುಖ್ಯ ಜಾಗಗಳಲ್ಲಿದ್ದರು. ಅವರ ಸಂಬಳದ ಭಾರ ದೊಡ್ಡದು. ಅದಕ್ಕಿಂತ ದೊಡ್ಡ ಚಿಂತೆ, ಅವರು ಹೋದ ದಿನ ಕುಲುಮೆಯನ್ನು ನೋಡಿಕೊಳ್ಳುವವರು ಯಾರು ಎಂಬುದು. ವಿಶ್ವೇಶ್ವರಯ್ಯನವರು ಮೈಸೂರಿನ ತರುಣ ಎಂಜಿನಿಯರುಗಳನ್ನು ತಂದು, ತರಬೇತಿ ಕೊಡಿಸಿ, ಒಂದೊಂದೇ ಜಾಗವನ್ನು ಅವರ ಕೈಗೆ ಒಪ್ಪಿಸಿದರು. ಇವರ ಕೈಯಲ್ಲಾಗದು ಎಂದವರು ಆಗಲೂ ಇದ್ದರು. ಕುಲುಮೆ ಆರಲಿಲ್ಲ. 1917ರಲ್ಲಿ ಕಾಲೇಜು ತೆರೆದು 1923ರಲ್ಲಿ ಕಾರ್ಖಾನೆ ನಡೆಸಿದ್ದರಲ್ಲಿ ಒಂದು ಕ್ರಮ ಇದೆ. ಓದು ಮುಗಿಸಿದ ಹುಡುಗನಿಗೆ ನಿಜವಾದ ಹೊಣೆ ಕೊಡುವ ಜಾಗ ಅದೇ ನಾಡಿನಲ್ಲಿ ಸಿದ್ಧವಾಗಿತ್ತು. ಗೋದಾಮು, ಕಚೇರಿ, ಕೆಲಸಗಾರರ ಮನೆಗಳ ಸಾಲು, ರಸ್ತೆ, ನೀರು ಎಲ್ಲವನ್ನೂ ಸೇರಿಸಿ ಒಂದು ಊರೇ ಬೆಳೆಯಿತು.

1927ರಲ್ಲಿ ಗಾಂಧೀಜಿ ಮೈಸೂರು ಸೀಮೆಯಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದರು. ಆ ಸಂದರ್ಭದಲ್ಲಿ ಅವರು ಭದ್ರಾವತಿಗೂ ಬಂದರು. ದೊಡ್ಡ ಕಾರ್ಖಾನೆಗಳ ವಿಷಯದಲ್ಲಿ ಗಾಂಧೀಜಿಯ ದಾರಿ, ವಿಶ್ವೇಶ್ವರಯ್ಯನವರ ದಾರಿ ಬೇರೆ ಬೇರೆ. ಆದರೂ ಗಾಂಧೀಜಿ ಬಂದು ನೋಡಿದರು. ಅದೇ ವರ್ಷ ವಿಶ್ವೇಶ್ವರಯ್ಯನವರು ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿಯನ್ನೂ ಸೇರಿದರು. 1955ರವರೆಗೂ ಅಲ್ಲಿದ್ದರು. ಸರ್ಕಾರದ ಕಾರ್ಖಾನೆ, ಖಾಸಗಿ ಕಂಪನಿ ಎರಡರ ಮೇಜಿನ ಎದುರೂ ಕುಳಿತ ಅನುಭವ ಅವರದ್ದು.

ಹಾಗಾದರೆ ಭದ್ರಾವತಿ ಗೆದ್ದಿತೇ? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ದಿನದ ಖರ್ಚನ್ನು ತಾನೇ ದುಡಿದುಕೊಳ್ಳುವ ಸ್ಥಿತಿಗೆ ಕಾರ್ಖಾನೆಯನ್ನು ಅವರು ತಂದರು. ಹಾಕಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ಬಹುಕಾಲ ದೂರವೇ ಉಳಿಯಿತು. ಒಂದು ಏಟು ಯಾರೂ ಎಣಿಸದ ಕಡೆಯಿಂದ ಬಂದಿತ್ತು. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ಅದೇ 1923ರಲ್ಲಿ ಜರ್ಮನಿಯ ಲ್ಯೂನಾ ಎಂಬಲ್ಲಿ ಬಿಎಎಸ್ಎಫ್ ಕಂಪನಿ ಮರದ ಹಂಗಿಲ್ಲದೆ, ಅನಿಲಗಳನ್ನೇ ಸೇರಿಸಿ ಮೆಥನಾಲ್ ತಯಾರಿಸಲು ಶುರು ಮಾಡಿತು. ಮರದ ಆಲ್ಕೋಹಾಲಿನ ಮಾರುಕಟ್ಟೆ ಜಗತ್ತಿನೆಲ್ಲೆಡೆ ಕುಸಿಯತೊಡಗಿತು. ಇದ್ದಿಲಿನ ಖರ್ಚನ್ನು ಉಪೋತ್ಪನ್ನಗಳು ತುಂಬಿಕೊಡುತ್ತವೆ ಎಂಬ ಲೆಕ್ಕವೇ ಅಡಿಮೇಲಾಯಿತು. ಹೊಸ ತಂತ್ರಜ್ಞಾನ ಬಂದು ಹಳೆಯದನ್ನು ರಾತ್ರೋರಾತ್ರಿ ಮೂಲೆಗೆ ತಳ್ಳುವುದನ್ನು ನಮ್ಮ ಹುಡುಗರು ಸಾಫ್ಟ್‌ವೇರಿನಲ್ಲಿ ಇಂದು ನೋಡುತ್ತಿದ್ದಾರೆ. ಭದ್ರಾವತಿ ಅದನ್ನು ನೂರು ವರ್ಷ ಹಿಂದೆಯೇ ಅನುಭವಿಸಿತು. ಒಂದೇ ಉತ್ಪನ್ನವನ್ನು ನೆಚ್ಚಿ ಕೂರದೆ ಕೊಳವೆಯ ಕಡೆ ತಿರುಗಿದ್ದರ ಬೆಲೆ ಆಗ ಗೊತ್ತಾಗುತ್ತದೆ.

ಮಲೆನಾಡಿನವನಾಗಿ ನಾನು ಇನ್ನೊಂದು ಲೆಕ್ಕವನ್ನೂ ಕೇಳಲೇಬೇಕು. ಅದು ಕಾಡಿನದ್ದು. ಲಕ್ಕವಳ್ಳಿ, ಉಂಬ್ಳೆಬೈಲು ಕಡೆಯ ಕಾಡಿನಿಂದ ಮರ ಭದ್ರಾವತಿಗೆ ಹರಿದು ಹೋಯಿತು. ಅದಿರಿಗೆ ಬೆಲೆ ಹಾಕಿದರು, ಸುಣ್ಣದ ಕಲ್ಲಿಗೆ ಹಾಕಿದರು, ರೈಲು ಬಾಡಿಗೆಗೆ ಹಾಕಿದರು. ಮರಕ್ಕೆ ಹಾಕಿದ್ದು ಕಡಿಯುವ ಕೂಲಿ, ಸಾಗಿಸುವ ಖರ್ಚು, ಸರ್ಕಾರಕ್ಕೆ ಸಲ್ಲಬೇಕಾದ ಶುಲ್ಕ. ಕಾಡು ಮತ್ತೆ ಬೆಳೆಯುತ್ತದೆ ಎಂದು ಆಗಿನವರು ನಂಬಿದ್ದರು. ಕಡಿದಲ್ಲಿ ನೂರು ಜಾತಿಯ ಮರ ಮತ್ತೆ ಏಳಲಿಲ್ಲ, ಎಷ್ಟೋ ಕಡೆ ಸಾಲುಸಾಲು ತೇಗ ಎದ್ದಿತು. ಒರತೆ, ಜೇನು, ಹಲಸು, ವಾಟೆ ಹುಳಿ, ಇವುಗಳ ಲೆಕ್ಕ ಯಾವ ವರದಿಯಲ್ಲೂ ಸೇರಲಿಲ್ಲ. ವಿಶ್ವೇಶ್ವರಯ್ಯನವರನ್ನು ನಾನು ಇದಕ್ಕಾಗಿ ದೂಷಿಸಲಾರೆ. ಅವರ ಕಾಲದ ಎಂಜಿನಿಯರುಗಳು ಸಾಮಾನ್ಯವಾಗಿ ಆ ಲೆಕ್ಕ ಇಡುತ್ತಿರಲಿಲ್ಲ. 1940ರ ದಶಕದ ಕೊನೆಗೆ ಜೋಗದಿಂದ ಹೆಚ್ಚಿನ ವಿದ್ಯುತ್ ಬಂದು, ಮುಂದೆ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಒತ್ತಡ ಇಳಿಯಿತು. ಇಂದು ಅದೇ ಲಕ್ಕವಳ್ಳಿ ಕಾಡು ಭದ್ರಾ ಹುಲಿ ಮೀಸಲು ಪ್ರದೇಶದ ಭಾಗ.

ನರಸಿಂಹರಾಜಪುರದ ಕೇಳುಗರಿಗೆ ಒಂದು ಹಳಿಯ ನೆನಪು ಮಾಡಬೇಕು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ಎಡೆಹಳ್ಳಿ ಎಂಬ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆಯಿತು. ತರೀಕೆರೆಯಿಂದ ಆ ಊರಿಗೆ ಎರಡಡಿ ಅಗಲದ ಹಳಿಯ ಸಣ್ಣ ರೈಲೂ ಬಂತು. ಜನ ಅದನ್ನು ಟ್ರಾಮ್ ಎನ್ನುತ್ತಿದ್ದರು. ಮಲೆನಾಡಿನ ಈ ಮೂಲೆಗೆ ರೈಲು ಬಂದದ್ದು ಅದೇ ಮೊದಲು. ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರರಲ್ಲೂ ಒಂದೂ ರೈಲು ನಿಲ್ದಾಣವಿಲ್ಲ. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಬಂತು, ಹಿನ್ನೀರು ನರಸಿಂಹರಾಜಪುರದ ಕಡೆಯ ಗದ್ದೆ ತೋಟಗಳನ್ನೂ ಹಳ್ಳಿಗಳನ್ನೂ ಮುಳುಗಿಸಿತು. ದಾವಣಗೆರೆ ಕಡೆಯ ಬಯಲಿಗೆ ನೀರು ಸಿಕ್ಕಿತು. ಮುಳುಗಿದವರ ಮಕ್ಕಳು ಬೇರೆ ಕಡೆ ನೆಲೆ ಕಂಡರು.

ಮೇಲ್ಹರಿವಿನಲ್ಲೂ ಒಂದು ಕಬ್ಬಿಣದ ಕಂಪನಿ ಬಂತು. 1976ರಲ್ಲಿ ಹುಟ್ಟಿದ ಕುದುರೆಮುಖ ಕಂಪನಿ ಭದ್ರೆಯ ಹುಟ್ಟಿನ ಸೀಮೆಯಲ್ಲೇ ಗಣಿ ತೋಡಿತು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ದೊಡ್ಡ ಸಾಧನೆಯೇ. ಆದರೆ ಈ ಸಲ ಜನ ಕಾಡಿನ ಲೆಕ್ಕವನ್ನು ಕೇಳಿದರು. ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಮ್ಮ ಮೂರು ತಾಲ್ಲೂಕುಗಳು ಹೀಗೆ ಎರಡು ಕಬ್ಬಿಣದ ಕಂಪನಿಗಳ ನಡುವೆ ಇವೆ. ಎಂಜಿನಿಯರುಗಳು ನಡೆಸುವ ಸಂಸ್ಥೆಗಳಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದನ್ನು ನಮಗಿಂತ ಹತ್ತಿರದಿಂದ ಕಂಡವರು ಕಡಿಮೆ.

ನಮ್ಮ ಮಕ್ಕಳು ಎಂಜಿನಿಯರುಗಳಾದದ್ದು ಹೇಗೆ ಎಂಬುದನ್ನೂ ಇಲ್ಲೇ ಹೇಳಬೇಕು. ಅಡಿಕೆಯ ಹಳದಿ ಎಲೆ ರೋಗ ರಾಜ್ಯದಲ್ಲಿ ಹೆಚ್ಚು ಕಾಡಿದ ಕಡೆಗಳಲ್ಲಿ ಈ ಮೂರು ತಾಲ್ಲೂಕುಗಳೂ ಸೇರಿವೆ. ಮರ ನಿಂತೇ ಇರುತ್ತದೆ, ಹೆಡಲು ಹಳದಿಗೆ ತಿರುಗುತ್ತದೆ, ಗೊನೆ ಸಣ್ಣದಾಗುತ್ತದೆ, ಕೊನೆಗೆ ಕಾಯಿ ಒಳಗೇ ಕಪ್ಪಾಗುತ್ತದೆ. ಔಷಧಿ ಹೊಡೆದರೆ ಗುಣವಾಗುವ ರೋಗ ಅಲ್ಲ. ತೋಟ ನೆಚ್ಚಿ ಕೂತರೆ ಆಗದು ಎಂದು ತಂದೆತಾಯಿ ಮಕ್ಕಳನ್ನು ಓದಿಗೆ ಹಚ್ಚಿದರು. 1994ರಲ್ಲಿ ಸಿಇಟಿ ಬಂದು, ದುಡ್ಡಿಲ್ಲದ ಮನೆಯ ಮಕ್ಕಳಿಗೂ ಅಂಕದ ಮೇಲೆ ಎಂಜಿನಿಯರಿಂಗ್ ಸೀಟು ಸಿಗುವಂತಾಯಿತು. ಶೃಂಗೇರಿ ಕ್ಷೇತ್ರದ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಲಂಚವಿಲ್ಲದೆ, ಅರ್ಹತೆಯ ಮೇಲೆ ಲಕ್ಷಕ್ಕೂ ಹೆಚ್ಚು ಶಿಕ್ಷಕರ ನೇಮಕವಾಯಿತು. ಹಳ್ಳಿಯ ಶಾಲೆಗೂ ಮೇಷ್ಟ್ರು ಬಂದರು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಸುರತ್ಕಲ್ಲಿನ ಕಾಲೇಜುಗಳ ಹಾಸ್ಟೆಲುಗಳಲ್ಲಿ ನಮ್ಮ ಕಡೆಯ ಮಕ್ಕಳು ತುಂಬಿದರು. ಅವರಲ್ಲಿ ಬಹುಪಾಲಿನವರ ಪದವಿ ಪತ್ರದ ಮೇಲಿರುವುದು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರು.

ಆ ಮಕ್ಕಳಲ್ಲಿ ಕೆಲವರು ಈಗ ಕಂಪನಿಗಳ ಮೇಲಿನ ಹುದ್ದೆಗಳಲ್ಲಿದ್ದಾರೆ. ನಾನು ಅವರಿಗೆ ಕೇಳಿಕೊಳ್ಳುವುದು ಇಷ್ಟು. ಕೆಲಸ ನೋಡಿಕೊಳ್ಳುವ ಹುದ್ದೆಗೆ ಬಂದ ಮೇಲೂ ಕೈಕೆಲಸದ ಹತ್ತಿರ ಇರಿ. ತಿಂಗಳಿಗೊಮ್ಮೆಯಾದರೂ ನಿಮ್ಮ ತಂಡದ ಕಿರಿಯರ ಪಕ್ಕದಲ್ಲಿ ಕೂತು ಅವರು ಬಿಡಿಸಲಾಗದ ತೊಡಕನ್ನು ಬಿಡಿಸಿ. ಯಾವ ಉತ್ಪನ್ನದ ಮೇಲೆ ಕಂಪನಿ ನಿಂತಿದೆಯೋ ಅದು ನಾಳೆ ಬೇಡವಾದರೆ ಮುಂದೇನು ಎಂದು ಇಂದೇ ಕೇಳಿ. ನಿಮ್ಮ ಕೈಕೆಳಗೆ ಬರುವ ಹುಡುಗ ಹುಡುಗಿಯರಿಗೆ ದೊಡ್ಡ ಹೊಣೆಯನ್ನು ಬೇಗ ಕೊಡಿ. ಮತ್ತೆ, ನಿಮ್ಮ ಲೆಕ್ಕಕ್ಕೆ ಸೇರದ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂದು ಹುಡುಕಿ. ಈ ಕೊನೆಯದನ್ನು ಕೇಳುವ ಹಕ್ಕೂ ಹೊಣೆಯೂ ಮಲೆನಾಡಿನ ಮಕ್ಕಳಿಗೆ ಸ್ವಲ್ಪ ಹೆಚ್ಚೇ ಇದೆ.

ಭದ್ರಾವತಿಯ ಈಚಿನ ಸುದ್ದಿ ನಿಮಗೆ ಗೊತ್ತೇ ಇದೆ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈ ಸೇರಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರವೂ ಬಂತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಅದರ ಭವಿಷ್ಯದ ಬಗ್ಗೆ ತೀರ್ಮಾನಿಸುವವರು ಒಮ್ಮೆ 1923ರಿಂದ 1929ರವರೆಗಿನ ವಾರ್ಷಿಕ ವರದಿಗಳನ್ನು ತೆಗೆಸಿ ಓದಲಿ ಎಂದು ನನ್ನ ಆಸೆ. ನಷ್ಟದ ಕಾರ್ಖಾನೆಯನ್ನು ಮುಚ್ಚದೆ ತಿರುಗಿಸಿದ್ದು ಹೇಗೆ ಎಂಬುದು ಅವುಗಳಲ್ಲಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಅವನ್ನು ಪಾಠವಾಗಿ ಇಡಬಹುದು.

ಒಂದು ಸಂಗತಿ ಹೇಳದೆ ಈ ಮಾತು ಮುಗಿಯುವುದಿಲ್ಲ. ಭದ್ರಾವತಿಯ ಅಧ್ಯಕ್ಷತೆಗೆ ಸಲ್ಲಬೇಕಾದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಆ ವರ್ಷಗಳಲ್ಲಿ ತೆಗೆದುಕೊಳ್ಳಲಿಲ್ಲ. ಕೂಡಿಬಿದ್ದಿದ್ದ ಆ ಹಣವನ್ನು ಕೈಕಸುಬು ಕಲಿಸುವ ಒಂದು ಶಾಲೆಗೆ ಬಳಸಬೇಕೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು, ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಡಿಗ್ರಿಯವರೆಗೆ ಹೋಗಲಾಗದ ಹುಡುಗರು ಅಲ್ಲಿ ಯಂತ್ರದ ಕೆಲಸ, ವಿದ್ಯುತ್ತಿನ ಕೆಲಸ ಕಲಿತು ಹೊರಬಂದರು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬೇಕಾದಷ್ಟು ಇದ್ದಾರೆ. ಅವರಿಗೆ ಹತ್ತಿರದಲ್ಲೇ, ಇಂದಿನ ಯಂತ್ರಗಳಿರುವ ಅಂಥದೊಂದು ಸಂಸ್ಥೆ ಕಟ್ಟಲು, ಊರು ಬಿಟ್ಟು ಹೋಗಿ ಕಂಪನಿಗಳ ಮೇಲಿನ ಕುರ್ಚಿಗಳಲ್ಲಿ ಕೂತಿರುವ ನಮ್ಮವರು ಒಟ್ಟು ಸೇರಿ ಮನಸ್ಸು ಮಾಡಲಿ. ಜಾಗ ಕೊಡುವವರು, ಕಲಿಸಲು ಬರುವ ನಿವೃತ್ತರು ಊರಲ್ಲಿ ಸಿಗುತ್ತಾರೆ.